ತೊಟ್ಟಿಲ ಬಳಿಯ ದೆವ್ವಗಳು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸುಗಳ ಮಾತೇ ನಡೆಯುವ ಈ ವೇದಿಕೆಯಲ್ಲಿ ಬಾಣಂತಿ ಕೂಸುಗಳ ವಿಷಯ ಎತ್ತಿದ್ದಕ್ಕೆ ಕೆಲವರಿಗೆ ಆಶ್ಚರ್ಯವಾಗಿರಬಹುದು. ಆದರೆ ಇದೂ ನಮ್ಮ ಖೋಲಿಗಳೊಳಗಿನ ಸಂಗತಿಯೇ.

ನಮ್ಮ ಸದಸ್ಯರಲ್ಲೊಬ್ಬರು, ಹೋಟೆಲಿನಲ್ಲಿ ದುಡಿಯುವವರು, ಹೆಂಡತಿಯನ್ನೂ ನಾಲ್ಕು ತಿಂಗಳ ಕೂಸನ್ನೂ ಊರಿನಿಂದ ಮುಂಬಯಿಗೆ ಕರೆತಂದರು. ಹದಿನೈದು ದಿನ ಕಳೆದ ಮೇಲೆ ನನ್ನಲ್ಲಿಗೆ ಬಂದು, "ಅಣ್ಣಾ, ಮಗು ಎಷ್ಟು ಅತ್ತರೂ ಇವಳಿಗೆ ಕೇಳಿಸುವುದೇ ಇಲ್ಲ. ಹಾಲು ಕೊಡುತ್ತಾಳೆ, ಮೀಯಿಸುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ. ಏನೋ ಸೋಂಕು ತಗಲಿದೆ ಎಂದು ಅಮ್ಮ ಹೇಳುತ್ತಾಳೆ. ಊರಿನಿಂದ ತಾಯಿತ ತರಿಸಲೇ?" ಎಂದು ಕೇಳಿದರು. ಪಕ್ಕದ ಖೋಲಿಯವರು ಅದನ್ನು ಸೊಕ್ಕು ಎಂದಿದ್ದರಂತೆ. ಸೋಂಕು, ಇಲ್ಲವೇ ಸೊಕ್ಕು! ಇಂಥ ತಾಯಂದಿರಿಗೆ ನಾವು ಬೇರೆ ಹೆಸರು ಇಟ್ಟೇ ಇಲ್ಲ.

ಕೌತುಕವೇನೆಂದರೆ, ಇದನ್ನು ದೆವ್ವವೆಂದು ಕರೆದವರು ಅಮೇರಿಕದಲ್ಲೂ ಒಬ್ಬರಿದ್ದರು. ಸೆಲ್ಮಾ ಫ್ರೈಬರ್ಗ್ ಎಂದು ಅವರ ಹೆಸರು. ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ 1918ರಲ್ಲಿ ಹುಟ್ಟಿದವರು. ವೈದ್ಯರಲ್ಲ, ಸಮಾಜಸೇವೆಯ ಶಿಕ್ಷಣ ಪಡೆದವರು. ಮೊದಲಿಗೆ ಅವರು ಹುಟ್ಟುಕುರುಡು ಶಿಶುಗಳ ನಡುವೆ ಕೆಲಸ ಮಾಡಿದರು. ಕುರುಡು ಕೂಸು ತಾಯಿಯ ಮುಖ ನೋಡಲಾರದು. ಅವಳು ಮಾತಾಡಿಸಿದರೆ ಅದರ ಮುಖ ಕಲ್ಲಿನಂತೆ ಸ್ತಬ್ಧವಾಗುವುದುಂಟು. ನಾನು ಇದಕ್ಕೆ ಬೇಡವಾದೆನೆಂದು ತಾಯಿ ಹಿಂದೆಗೆಯುತ್ತಾಳೆ. ಫ್ರೈಬರ್ಗ್ ಕಂಡುಕೊಂಡದ್ದು ಇಷ್ಟು: ಮುಖ ಸುಮ್ಮನಿದ್ದರೂ ಕೂಸಿನ ಕೈಗಳು ಸುಮ್ಮನಿಲ್ಲ. ಬೆರಳುಗಳು ತಡಕಾಡುತ್ತವೆ, ತಾಯಿಯನ್ನು ಹುಡುಕುತ್ತವೆ. "ಮುಖವನ್ನಲ್ಲ, ಕೈಗಳನ್ನು ನೋಡು" ಎಂದು ತೋರಿಸಿಕೊಟ್ಟರೆ ಆ ತಾಯಿಗೆ ತನ್ನ ಮಗು ಮರಳಿ ಸಿಕ್ಕಂತೆಯೇ.

ಆಮೇಲೆ, 1972ರಿಂದ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಕಣ್ಣಿದ್ದ ಕೂಸುಗಳ ಕಡೆ ತಿರುಗಿದರು. 1975ರಲ್ಲಿ ಸಂಗಡಿಗರೊಡನೆ ಬರೆದ ಲೇಖನಕ್ಕೆ ಅವರಿಟ್ಟ ಹೆಸರಿನ ಅರ್ಥ "ಶಿಶುವಿನ ಕೋಣೆಯ ದೆವ್ವಗಳು" ಎಂದು. ಅದರಲ್ಲಿ ಐದೂವರೆ ತಿಂಗಳ ಒಂದು ಹೆಣ್ಣುಕೂಸಿನ ವೃತ್ತಾಂತವಿದೆ. ತಾಯಿ ಅದನ್ನು ದತ್ತು ಕೊಟ್ಟುಬಿಡಲು ಹೊರಟಿದ್ದಳು. ಗಂಡ ಒಪ್ಪದ್ದರಿಂದ ನಿಂತಿತು. ಕೂಸು ಅವಳ ಮಡಿಲಲ್ಲೇ ಕಿರಿಚುತ್ತಿತ್ತು. ಅವಳ ದೃಷ್ಟಿ ಎಲ್ಲೋ ದೂರದಲ್ಲಿ. ಕೂಸೂ ಸಮಾಧಾನಕ್ಕಾಗಿ ಅವಳ ಕಡೆ ತಿರುಗುತ್ತಿರಲಿಲ್ಲ.

ಚಿಕಿತ್ಸಕಿ ಆ ಮನೆಗೇ ಹೋಗಿ ಕುಳಿತರು. ಅವರ ಚಿಕಿತ್ಸೆ ನಡೆಯುತ್ತಿದ್ದದ್ದು ಅಡಿಗೆಮನೆಯಲ್ಲಿ ಎಂದು ಫ್ರೈಬರ್ಗ್ ತಮಾಷೆಯಾಗಿ ಹೇಳುತ್ತಿದ್ದರು. ಚಿಕಿತ್ಸಕಿ ಬುದ್ಧಿವಾದ ಹೇಳಲಿಲ್ಲ. ಈ ಕೆಲಸದ ಮರ್ಮವೇ ಅಲ್ಲಿದೆ. ಅಳುವ ಕೂಸನ್ನು ನಾವೇ ಎತ್ತಿಕೊಂಡು ಗಪ್ಪಾಗಿಸಿದರೆ, ತಾನು ಕೈಲಾಗದವಳೆಂಬ ತಾಯಿಯ ನೋವಿಗೆ ಉಪ್ಪು ಸವರಿದಂತೆ. ಅದಕ್ಕೇ ಚಿಕಿತ್ಸಕಿ ತಾಯಿಯ ಬಾಲ್ಯವನ್ನು ಕೇಳಿದರು. ಹೆತ್ತವಳು ಮನೋರೋಗಕ್ಕೆ ತುತ್ತಾಗಿ, ಅವರಿವರ ಕೈಯಲ್ಲಿ ಬೆಳೆದ ಪರದೇಶಿ ಹುಡುಗಿ ಅವಳು. ಅವಳ ಅಳು ಯಾರೂ ಕೇಳಿರಲಿಲ್ಲ. ಈಗ ಕೇಳುವವರೊಬ್ಬರು ಸಿಕ್ಕರು, ಅತ್ತಳು. ಅತ್ತ ಮೇಲೆ ತಾನಾಗಿಯೇ ಕೂಸನ್ನು ಎದೆಗೆ ಒತ್ತಿಕೊಂಡಳು.

ದೆವ್ವವೆಂದರೆ ಇದು, ಕೇಳಿಸದೆ ಉಳಿದ ಹಳೆಯ ಅಳು. ಬಾಲ್ಯದಲ್ಲಿ ನೊಂದವರೆಲ್ಲ ಮಕ್ಕಳನ್ನು ನೋಯಿಸುತ್ತಾರೆಂದಲ್ಲ. ನೋವನ್ನು ನೋವಾಗಿಯೇ ನೆನಪಿಟ್ಟವರು ಅದನ್ನು ಮಗುವಿಗೆ ದಾಟಿಸುವುದಿಲ್ಲ. ನುಂಗಿ ಮರೆತವರಿಗೇ ಅಪಾಯ ಹೆಚ್ಚು ಎಂದು ಅವರ ಅಭಿಪ್ರಾಯ.

ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ನೆನಪಿರಬಹುದು: 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹವಿರಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತ್ತು; 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಲಾಯಿತು. ತೊಟ್ಟಿಲಿಗೂ ಹಾಲಿಗೂ ನಾವು ಹೋರಾಡಿದೆವು. ತೊಟ್ಟಿಲ ಬಳಿ ಕುಳಿತವಳ ಮನಸ್ಸು ನಮ್ಮ ಬೇಡಿಕೆ ಪಟ್ಟಿಯಲ್ಲಿರಲಿಲ್ಲ.

ಒಂದು ಎಚ್ಚರಿಕೆ. ಬಾಣಂತಿ ರಾತ್ರಿಯಿಡೀ ನಿದ್ದೆ ಮಾಡದೆ, ಸಂಬಂಧವಿಲ್ಲದ್ದನ್ನು ಆಡುತ್ತ, ತನಗೋ ಮಗುವಿಗೋ ಕೇಡಾಗುವ ಮಾತೆತ್ತಿದರೆ, ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದದ್ದು ಅದನ್ನೇ. ಆಗ ಕಥೆ ಕೇಳುತ್ತ ಕೂರಬಾರದು. ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಅದು ಗುಣವಾಗುವ ರೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಅಗಲಿಸದೆ, ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಅಷ್ಟು ತೀವ್ರವಲ್ಲದ ಸಂಕಟಕ್ಕೆ 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಇದೆ: 14416. ಕನ್ನಡದಲ್ಲೂ ಮಾತಾಡಬಹುದು, ಕಾಸು ಬೇಡ.

ಇನ್ನು ನಮ್ಮ ಆ ಸದಸ್ಯರ ಮನೆಯ ಮಾತು. ನನ್ನ ಹೆಂಡತಿ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ತರಕಾರಿ ಹೆಚ್ಚುತ್ತ ಕೂರತೊಡಗಿದಳು. ನಾಲ್ಕನೆಯ ವಾರ ಆ ಹೆಣ್ಣುಮಗಳು ಬಾಯಿಬಿಟ್ಟಳು. ಏಳರ ವಯಸ್ಸಿನಲ್ಲಿ ತಾಯಿ ತೀರಿಕೊಂಡಳಂತೆ. ಅಳಲು ಬಿಡದೆ, ಸೋದರಮಾವನ ಮನೆಗೆ ತೊಟ್ಟಿಲು ತೂಗುವುದಕ್ಕೆ ಕಳಿಸಿದರಂತೆ. ಕೂಸು ಅತ್ತರೆ ಆ ಮನೆಯೇ ಕಣ್ಣಿಗೆ ಕಟ್ಟುತ್ತಿತ್ತಂತೆ. ಗಂಡನಿಗೆ ಇದೊಂದೂ ಗೊತ್ತಿರಲಿಲ್ಲ. ಆತ ಕೇಳಿರಲೂ ಇಲ್ಲ. ಆಸ್ಪತ್ರೆಗೂ ಕರೆದೊಯ್ದೆವು, ಔಷಧ ನಡೆದಿದೆ. ಈಚೆಗೆ ಮಗು ಅವಳ ದನಿಗೆ ತಲೆ ತಿರುಗಿಸಿ ನಗುತ್ತದೆ.

ಅಪ್ಪನನ್ನು ಕಂಡರೆ ಮಾತ್ರ ಇನ್ನೂ ಅಳುತ್ತದೆ. ಅದು ಏಳುವ ಮೊದಲು ಆತ ಹೊರಟಿರುತ್ತಾರೆ, ಮಲಗಿದ ಮೇಲೆ ಬರುತ್ತಾರೆ. ಕಾಯಿದೆಯಲ್ಲಿರುವ ವಾರದ ರಜೆ ಅವರಿಗೆ ಸಿಕ್ಕಿ ಮೂರು ತಿಂಗಳಾಯಿತು. ಮಾಲಿಕರಿಗೆ ಕೊಡಲಿರುವ ಮನವಿಯಲ್ಲಿ ಈ ರಜೆಯ ಮಾತನ್ನು ಮೊದಲನೆಯದಾಗಿ ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ.