ಮಡಕೆಯಲ್ಲಿಟ್ಟ ಪತ್ರ

(ಭಾನುವಾರದ ಸಂಜೆಯ ಕೂಟದಲ್ಲಿ ಕೊಟ್ಟ ಸಂದೇಶ)



ಕಾಯುವುದು ಎಂದರೇನೆಂದು ತೋಟದ ಕೆಲಸದವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೂಮಳೆ ಬಿದ್ದು ಕಾಫಿ ಅರಳಿದರೆ, ಹಣ್ಣು ಕೊಯ್ಯಲು ಒಂಬತ್ತು ಹತ್ತು ತಿಂಗಳು ಕಾಯುತ್ತೇವೆ. ಅದಕ್ಕೆ ಒಂದು ಲೆಕ್ಕವಿದೆ. ಆದರೆ ಬಾಕಿ ಬಿದ್ದ ಕೂಲಿಗೆ, ಕೈಸೇರದ ಗ್ರಾಚ್ಯುಟಿಗೆ, ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರ ಮಾತಿಗೆ ಕಾಯುವುದಕ್ಕೆ ಲೆಕ್ಕವಿಲ್ಲ.

ಇಂಥ ಹೊತ್ತಿನಲ್ಲಿ ಪ್ರವಾದಿಯಾದ ಯೆರೆಮೀಯನನ್ನು ನೆನೆಯೋಣ. ಅವನ ಗ್ರಂಥದ ೩೨ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಬಾಬಿಲೋನಿನ ದಂಡು ಯೆರೂಸಲೇಮನ್ನು ಮುತ್ತಿತ್ತು. ಪಟ್ಟಣದಲ್ಲಿ ಕ್ಷಾಮ, ವ್ಯಾಧಿ. ಪ್ರವಾದಿಯು ಸೆರೆಯಲ್ಲಿದ್ದನು. ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳಲು ಕೇಳಿದನು. ಶತ್ರುವಿನ ಪಾಲಾಗುವ ಹೊಲಕ್ಕೆ ಯಾರು ದುಡ್ಡು ಕೊಡುತ್ತಾರೆ? ಯೆರೆಮೀಯನು ಕೊಟ್ಟನು. ೧೭ ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿಗಳ ಮುಂದೆ ಪತ್ರಕ್ಕೆ ರುಜು ಹಾಕಿದನು. ಮುದ್ರೆ ಹಾಕಿದ ಪತ್ರ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸಿದನು. ಆ ನಾಡಿನಲ್ಲಿ ಮತ್ತೆ ಮನೆ, ಹೊಲ ಕೊಳ್ಳುವ ಕಾಲ ಬರುವದೆಂದು ದೇವರು ಮಾತು ಕೊಟ್ಟಿದ್ದನು.

ಆಮೇಲೆ ಅವನು ಪ್ರಾರ್ಥಿಸಿದನು. ಪಟ್ಟಣವೇ ಬೀಳುತ್ತಿರುವಾಗ ಹೊಲ ಕೊಳ್ಳೆಂದದ್ದೇಕೆ ಎಂಬ ಗೊಂದಲ ಆ ಪ್ರಾರ್ಥನೆಯಲ್ಲಿದೆ. ನಂಬಿದವನಿಗೂ ಪ್ರಶ್ನೆಯಿತ್ತು. ದೇವರು ಅವನನ್ನು ತಳ್ಳಿಬಿಡಲಿಲ್ಲ, ಉತ್ತರ ಕೊಟ್ಟನು.

ಪಟ್ಟಣ ಬಿದ್ದಿತು. ಯೆರೆಮೀಯನನ್ನು ಐಗುಪ್ತಕ್ಕೆ ಕರೆದೊಯ್ದರು; ಜನರು ಹಿಂತಿರುಗಿದ್ದನ್ನು ಅವನು ಕಾಣಲಿಲ್ಲ. ಆದರೂ ಎಜ್ರನ ಪಟ್ಟಿಯಲ್ಲಿ, ಸೆರೆಯಿಂದ ಹಿಂತಿರುಗಿದ ಅನಾತೋತಿನವರು ೧೨೮ ಮಂದಿ ಎಂದು ಬರೆದಿದೆ.

ನಮ್ಮ ಕಾಲದ ಮಾತಿಗೆ ಬರೋಣ. ೨೦೨೪ರ ಜುಲೈ ೩೦ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದು ಬಂತು. ನಮ್ಮಂಥ ತೋಟದವರ ಪಾಡಿಗಳು ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಮನೆಗಾಗಿ ವರ್ಷ ದಾಟಿ ಕಾದರು. ಇಂಥ ಕೇಡು ಬಂದಾಗ ಇದು ಪಾಪದ ಶಿಕ್ಷೆ ಎನ್ನುವವರಿದ್ದಾರೆ. ನಾವು ಹಾಗೆನ್ನಬಾರದು. ಸಿಲೊವಾಮಿನ ಬುರುಜು ಬಿದ್ದು ಸತ್ತ ೧೮ ಮಂದಿ ಇತರರಿಗಿಂತ ಪಾಪಿಗಳಲ್ಲವೆಂದು ಯೇಸುಸ್ವಾಮಿಯೇ ತಿಳಿಸಿದನು. ಆತನೂ ಶಿಲುಬೆಯ ಮೇಲೆ ಕೂಗಿಕೊಂಡನು, ಸಮಾಧಿಯಲ್ಲಿ ಮಲಗಿದನು, ಮೂರನೆಯ ದಿನ ಎದ್ದನು. ನಮ್ಮ ನಿರೀಕ್ಷೆಯ ಬೇರು ಅಲ್ಲಿದೆ.

ಹಾಗಾದರೆ ನಮ್ಮ ಮಡಕೆ ಯಾವುದು? ನಿರೀಕ್ಷೆಯುಳ್ಳವರು ಕೈಕಟ್ಟಿ ಕೂರುವುದಿಲ್ಲ. ಐದು ವರ್ಷ ಬಿಡದೆ ದುಡಿದ ಕಾಯಂ ಕೆಲಸಗಾರನು ಕೆಲಸ ಬಿಟ್ಟಾಗ, ವರ್ಷಕ್ಕೆ ೧೫ ದಿನದ ಕೂಲಿಯ ಲೆಕ್ಕದಲ್ಲಿ ಗ್ರಾಚ್ಯುಟಿಯನ್ನು ೩೦ ದಿನದೊಳಗೆ ಕೊಡಬೇಕೆಂದು ಕಾನೂನಿದೆ. ಆದ್ದರಿಂದ ಚೆಕ್‌ರೋಲ್ ನಂಬರು, ಸಂಬಳದ ಚೀಟಿ, ಪಿ.ಎಫ್. ಕಾಗದಗಳನ್ನು ಜೋಪಾನವಾಗಿಡೋಣ, ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡೋಣ. ಅರ್ಜಿ ಹಾಕುವಾಗ ಒಬ್ಬರನ್ನೇ ಕಳುಹಿಸದೆ ಜೊತೆಗೆ ಹೋಗೋಣ. ಪಕ್ಕದ ಮನೆಯಲ್ಲಿ ಒಲೆ ಹೊತ್ತದಿದ್ದರೆ ನಮ್ಮ ಗಂಜಿಯಲ್ಲಿ ಪಾಲು ಕೊಡೋಣ. ಇದೂ ಪ್ರಾರ್ಥನೆಯೇ.

ಫಲವನ್ನು ನಾವು ಕಾಣದಿದ್ದರೂ ನಮ್ಮ ಮಕ್ಕಳು ಕಂಡಾರು. ಕಾದಿರುವವರನ್ನು ಮರೆಯದ ಕರ್ತನು ನಮ್ಮೆಲ್ಲರ ಸಂಗಡ ಇರಲಿ. ಆಮೆನ್.