ಕುರ್ಚಿ ಹೋಯಿತು, ಸನ್ನದು ಹೋಗಲಿಲ್ಲ

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ಬಹುಮಾನ ಪಡೆದ ಎಲ್ಲರಿಗೂ ಅಭಿನಂದನೆಗಳು. ಅಂತರಘಟ್ಟೆಯಿಂದ ಹೋಗಿ ವಕೀಲನಾದವನು ಗೆದ್ದ ಕಥೆ ಹೇಳಲಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಸೋತ ಕಥೆ ಹೇಳುತ್ತೇನೆ. ನಿಮಗೆ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಕಾನೂನು ಪದವಿ ಮುಗಿಸಿ ಬೆಂಗಳೂರಿನಲ್ಲಿ ಒಂದು ಸಣ್ಣ ವಕೀಲರ ಕಚೇರಿ ಸೇರಿದೆ. ನಾವು ನಾಲ್ವರು ಕಿರಿಯರು. ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಹತ್ತು. ಹೇಳಿದ ಹಣ ಎರಡು ತಿಂಗಳಿಗೊಮ್ಮೆ, ಅದೂ ಮುರಿದುಕೊಂಡು. ಕಕ್ಷಿದಾರರ ಎದುರಿಗೇ ಫೈಲು ಎಸೆದು ಬೈಯುವುದು, ಒಬ್ಬನ ಮೇಲೆ ಇನ್ನೊಬ್ಬನಿಂದ ಚಾಡಿ ಹೇಳಿಸುವುದು ಅಲ್ಲಿನ ವಾಡಿಕೆ. ಒಂದು ಕೇಸಿನ ದಿನಾಂಕ ತಪ್ಪಿತು. ಮರೆತವರು ಹಿರಿಯರು, ಹೊಣೆ ನನ್ನ ತಲೆಗೆ ಬಂತು. ನನ್ನ ಡೈರಿ ಸರಿಯಾಗಿ ಇಟ್ಟಿರಲಿಲ್ಲ, ಹಾಗಾಗಿ ಎದುರು ಹೇಳಲು ಆಧಾರವಿರಲಿಲ್ಲ. "ನಾಳೆಯಿಂದ ಬರಬೇಡ" ಎಂದರು.

ನನ್ನ ದೊಡ್ಡ ತಪ್ಪು ಆಮೇಲಿನದು. ಮನೆಗೆ ಹೇಳಲಿಲ್ಲ. ಮೂರು ತಿಂಗಳು ದಿನವೂ ಬಿಳಿ ಶರ್ಟು ತೊಟ್ಟು ಹೊರಟು ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಕೂತು ಬರುತ್ತಿದ್ದೆ. ಸಾಲ ಮಾಡಿ ಮನೆಗೆ ಹಣ ಕಳಿಸಿದೆ. ಕೊನೆಗೆ ಊರಿಗೆ ಬಂದಾಗ ತಡೆಯಲಾಗದೆ ಅಬ್ಬಾರ ಮುಂದೆ ಎಲ್ಲ ಹೇಳಿ ಅತ್ತೆ. ಅವರು ಕೇಳಿದ್ದು ಒಂದೇ: "ಆ ಕರಿಕೋಟು ಅವರು ಕೊಡಿಸಿದ್ದೇನು?" "ಇಲ್ಲ ಅಬ್ಬಾ, ನೀವು." "ಮತ್ತೆ ಅವರು ಕಿತ್ತುಕೊಂಡಿದ್ದೇನು?"

ಕಾನೂನೂ ಅದನ್ನೇ ಹೇಳುತ್ತದೆ. 1961ರ ವಕೀಲರ ಅಧಿನಿಯಮದಂತೆ ಸನ್ನದು ಕೊಡುವುದು ರಾಜ್ಯ ವಕೀಲರ ಪರಿಷತ್ತು. ದುರ್ನಡತೆಯ ಆರೋಪ ಬಂದರೂ ವಿಚಾರಣೆ ನಡೆಸದೆ ಅದನ್ನು ರದ್ದು ಮಾಡುವಂತಿಲ್ಲ. ಹಿರಿಯ ವಕೀಲರ ಸಿಟ್ಟು ನಮ್ಮಿಂದ ಒಂದು ಕುರ್ಚಿಯನ್ನು ಕಸಿಯಬಹುದು, ವೃತ್ತಿಯನ್ನಲ್ಲ.

ಇತಿಹಾಸ ನೋಡಿ. ಮುಂಬಯಿಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಎದ್ದ ಯುವ ಬ್ಯಾರಿಸ್ಟರ್ ಗಾಂಧಿಯವರಿಗೆ ಮಾತೇ ಹೊರಡಲಿಲ್ಲ. 30 ರೂಪಾಯಿ ಫೀಜು ಹಿಂತಿರುಗಿಸಿ ರಾಜಕೋಟೆಗೆ ಹೋಗಿ ಅರ್ಜಿ ಬರೆಯುತ್ತ ಕೂತರು. 1893ರಲ್ಲಿ ಪೋರಬಂದರಿನ ದಾದಾ ಅಬ್ದುಲ್ಲಾ ಅವರ ವ್ಯಾಪಾರ ಸಂಸ್ಥೆ ಅವರನ್ನು ದಕ್ಷಿಣ ಆಫ್ರಿಕಕ್ಕೆ ಕರೆಸಿಕೊಂಡಿತು. ಸೋತವನಿಗೆ ಒಬ್ಬರು ಕೆಲಸ ಕೊಟ್ಟರು. ಮುಂದಿನದು ನಿಮಗೆ ಗೊತ್ತೇ ಇದೆ.

ನಾನು ತರೀಕೆರೆಗೆ ಬಂದು ಒಬ್ಬ ಹಿರಿಯರ ಬಳಿ ಸೇರಿದೆ. ಪಾಲು ವಿಭಾಗ, ಖಾತೆ, ಒತ್ತುವರಿ ಇಂಥ ದಾವೆಗಳಲ್ಲೇ ಕೆಲಸ ಕಲಿತೆ. ಹಳೆಯ ಕಚೇರಿಯ ವಕಾಲತ್ತುಗಳಲ್ಲಿ ನನ್ನ ಹೆಸರಿತ್ತು. ನ್ಯಾಯಾಲಯಕ್ಕೆ ಮೆಮೊ ಸಲ್ಲಿಸಿ, ಅನುಮತಿ ಪಡೆದು ಬಿಡಿಸಿಕೊಂಡೆ. ಅಲ್ಲಿಯ ಫೈಲು ಒಂದನ್ನೂ ತರಲಿಲ್ಲ, ಯಾರ ಮುಂದೆಯೂ ಆ ಕಚೇರಿಯನ್ನು ದೂಷಿಸಲಿಲ್ಲ. ಆದರೆ ಆಗಿನಿಂದ ಡೈರಿ ಬರೆಯದೆ ಮಲಗಿದ ದಿನವಿಲ್ಲ.

ವಿದ್ಯಾರ್ಥಿಗಳೇ, ಕೆಲಸ ಸೇರುವ ಮೊದಲೇ ಎಷ್ಟು ಕೊಡುತ್ತೀರಿ ಎಂದು ಕೇಳಿ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿತು. ಅದು ಕಡ್ಡಾಯವಲ್ಲ, ಶಿಫಾರಸು ಮಾತ್ರ. ಆದರೂ ಕೇಳುವುದಕ್ಕೆ ಒಂದು ಆಧಾರ. ಕೆಲಸ ಹೋದರೆ ಆ ದಿನವೇ ಮನೆಗೆ ಹೇಳಿ. ನನ್ನನ್ನು ಹಣ್ಣು ಮಾಡಿದ್ದು ನಿರುದ್ಯೋಗವಲ್ಲ, ಸುಳ್ಳು.

ಹಿರಿಯರಲ್ಲಿ ಒಂದು ಬೇಡಿಕೆ. ರ‍್ಯಾಂಕ್ ಬಂದ ಮಕ್ಕಳಿಗೆ ಶಾಲು ಹೊದಿಸುತ್ತೀರಿ, ಸಂತೋಷ. ಕೆಲಸ ಕಳೆದುಕೊಂಡು ಊರಿಗೆ ಬಂದ ಹುಡುಗನನ್ನೋ ಹುಡುಗಿಯನ್ನೋ "ಏನು ತಪ್ಪು ಮಾಡಿದೆ?" ಎನ್ನುವ ಮೊದಲು "ಊಟ ಆಯಿತಾ?" ಎಂದು ಕೇಳಿ. ಅಂಥವರಿಗೆ ಇನ್ನೊಂದು ಬಾಗಿಲು ತೋರಿಸುವ ಕೆಲಸವನ್ನೂ ಸಂಘ ಕೈಗೆತ್ತಿಕೊಳ್ಳಲಿ. ವಕೀಲಿಕೆಗೆ ಬರುವ ಮಕ್ಕಳಿಗೆ ನನ್ನ ಕಚೇರಿಯ ಬಾಗಿಲು ತೆರೆದಿದೆ. ಅಲ್ಲಿ ಯಾರೂ ಫೈಲು ಎಸೆಯುವುದಿಲ್ಲ.