ಬಸಿಗಾಲುವೆ ಮುಚ್ಚಿದಾಗ: ಕಿಬ್ಬೊಟ್ಟೆಯ ರಕ್ತನಾಳಕ್ಕೆ ಸ್ಟೆಂಟ್

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ರೈತನ ಚಿಂತೆ ಒಂದೇ: ನೀರು ಬರಲಿಲ್ಲವಲ್ಲ! ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭಾಗದ ಗದ್ದೆಗಳಲ್ಲಿ ಇನ್ನೊಂದು ಚಿಂತೆಯೂ ಉಂಟು: ಬಂದ ನೀರು ಹೊರಗೆ ಹೋಗಲಿಲ್ಲವಲ್ಲ! ಬಸಿಗಾಲುವೆ ಮುಚ್ಚಿದರೆ ನೀರು ನಿಂತು, ಉಪ್ಪು ಮೇಲೆದ್ದು, ಭೂಮಿ ಸವುಳಾಗುತ್ತದೆ.

ನಮ್ಮ ಕಾಲುಗಳಿಗೂ ಈ ಎರಡೂ ಬಗೆಯ ಕಷ್ಟ ಬರಬಹುದು. ಹೃದಯದಿಂದ ರಕ್ತ ತರುವ ಅಪಧಮನಿ ಕಿರಿದಾದರೆ ಕಾಲಿಗೆ ರಕ್ತ ಸಾಲದು. ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿ ಕಿರಿದಾದರೆ ರಕ್ತ ಕಾಲಿನಲ್ಲೇ ತಂಗುತ್ತದೆ. ಕಾಲು ಬಾತು ಭಾರವಾಗುತ್ತದೆ. ವರ್ಷಗಳು ಕಳೆದಂತೆ ಕಣಕಾಲಿನ ಚರ್ಮ ಕಪ್ಪಾಗಿ, ಮಾಯದ ಹುಣ್ಣೂ ಆಗಬಹುದು. ಹುಣ್ಣಿಗೆ ಮುಲಾಮು ಹಚ್ಚುತ್ತಲೇ ಇರುತ್ತೇವೆ. ಅಡ್ಡಿ ಇರುವುದು ಮಾತ್ರ ಮೇಲೆ, ಕಿಬ್ಬೊಟ್ಟೆಯೊಳಗೆ.

ಈ ತೊಂದರೆ ಹೆಚ್ಚಾಗಿ ಎಡಗಾಲಿಗೇ ಏಕೆ? ಎಡಗಾಲಿನ ರಕ್ತ ಒಯ್ಯುವ ದೊಡ್ಡ ಅಭಿಧಮನಿಯ ಮೇಲೆ, ಬಲಗಾಲಿಗೆ ಹೋಗುವ ಅಪಧಮನಿ ಅಡ್ಡಲಾಗಿ ಹಾಯುತ್ತದೆ. ಹಿಂದೆ ಬೆನ್ನುಮೂಳೆ, ಮುಂದೆ ಮಿಡಿಯುವ ಅಪಧಮನಿ. ನಡುವೆ ಸಿಕ್ಕಿದ ಮೃದುವಾದ ನಾಳ ಒತ್ತಿಗೊಳಗಾಗುತ್ತದೆ. ರಕ್ತದ ಗಡ್ಡೆಗಳು ಎಡಗಾಲಿನಲ್ಲೇ ಹೆಚ್ಚೆಂಬುದನ್ನು ಜರ್ಮನಿಯ ವಿಜ್ಞಾನಿ ವಿರ್ಕೊ 1851ರಲ್ಲೇ ಗಮನಿಸಿದ್ದರು. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು 430 ಶವಗಳನ್ನು ಪರೀಕ್ಷಿಸಿ, ಶೇಕಡಾ 22ರಷ್ಟರಲ್ಲಿ ಈ ಜಾಗದಲ್ಲಿ ನಾಳದ ಒಳಗೋಡೆ ದಪ್ಪಗಾಗಿರುವುದನ್ನು ಕಂಡರು. ಅವರ ಹೆಸರೇ ಈ ರೋಗಕ್ಕೆ ನಿಂತಿದೆ.

ಇನ್ನು ಚಿಕಿತ್ಸೆ. ಅಮೆರಿಕದ ಡಾಟರ್ ಎಂಬ ವೈದ್ಯರು 1964ರಲ್ಲಿ ಕಾಲಿನ ಅಪಧಮನಿಯೊಂದನ್ನು ಕೊಳವೆ ತೂರಿಸಿ ಬಿಡಿಸಿದರು. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಅದೇ ವಿದ್ಯೆ ಇಲ್ಲಿಯೂ. ತೊಡೆಯ ಅಥವಾ ಮಂಡಿಯ ಹಿಂದಿನ ಅಭಿಧಮನಿಗೆ ಸೂಜಿ ಚುಚ್ಚಿ, ಎಕ್ಸ್-ರೇ ತೆರೆಯ ಮೇಲೆ ನೋಡುತ್ತಾ ತೆಳುವಾದ ತಂತಿಯನ್ನು ಒಳಗೆ ಬಿಡುತ್ತಾರೆ. ಅದರ ಮೇಲೆ ಸಾಗಿದ ಬಲೂನು ಊದಿ ನಾಳವನ್ನು ಹಿಗ್ಗಿಸುತ್ತದೆ. ಆದರೆ ಒತ್ತುವ ಅಪಧಮನಿ ಹೊರಗೆ ಹಾಗೆಯೇ ಇದೆಯಲ್ಲ! ಬಲೂನು ತೆಗೆದೊಡನೆ ನಾಳ ಮತ್ತೆ ಕುಗ್ಗುತ್ತದೆ. ಆದ್ದರಿಂದ ಲೋಹದ ಜಾಲರಿಯ ಕೊಳವೆ, ಅಂದರೆ ಸ್ಟೆಂಟ್, ಬೇಕು. ಹೃದಯದ ಸ್ಟೆಂಟು ಸುಮಾರು 2.5ರಿಂದ 4 ಮಿಲಿಮೀಟರು ಅಗಲವಾದರೆ, ಇದು ಸಾಮಾನ್ಯವಾಗಿ 14ರಿಂದ 18 ಮಿಲಿಮೀಟರು. ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹದ ಸ್ಟೆಂಟು ತಾನಾಗಿಯೇ ಅರಳಿ ನಾಳಕ್ಕೆ ಆಸರೆಯಾಗುತ್ತದೆ. ಆಮೇಲೆ ವೈದ್ಯರು ಹೇಳಿದಷ್ಟು ಕಾಲ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಪ್ಪದೆ ನುಂಗಬೇಕು. ಬಿಟ್ಟರೆ ಸ್ಟೆಂಟೂ ಮುಚ್ಚಬಹುದು.

ಹಾಗಾದರೆ ನಾಳ ಕಿರಿದಾದವರಿಗೆಲ್ಲ ಸ್ಟೆಂಟ್ ಹಾಕಬೇಕೆ? ಖಂಡಿತ ಬೇಡ. ಮೇ ಮತ್ತು ಥರ್ನರ್ ಲೆಕ್ಕವನ್ನು ನೆನೆಯಿರಿ: ಇಂಥ ನಾಳವಿದ್ದೂ ಯಾವ ತೊಂದರೆಯಿಲ್ಲದೆ ಬದುಕುವವರೇ ಹೆಚ್ಚು. ಚಿತ್ರದಲ್ಲಿ ಕಂಡ ಒತ್ತು ರೋಗವಲ್ಲ. ಕಾಲಿನ ನರಳಿಕೆಯೂ ಜೊತೆಗಿದ್ದಾಗ ಮಾತ್ರ ಚಿಕಿತ್ಸೆಯ ಮಾತು.

ಕೊನೆಯದಾಗಿ, ನಿಮ್ಮ ಮನೆಗೆ ಸಂಬಂಧಿಸಿದ ಮಾತು. ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು; ಗರ್ಭಿಣಿಯರಲ್ಲಿ ಅದು ಬಹುಪಾಲು ಎಡಗಾಲಿನಲ್ಲೇ. ಅಕ್ಕನೋ ಅತ್ತಿಗೆಯೋ ಬಾಣಂತನಕ್ಕೆ ಮನೆಯಲ್ಲಿದ್ದಾಗ ಒಂದೇ ಕಾಲು ತಟ್ಟನೆ ಬಾತು ನೋಯತೊಡಗಿದರೆ, ಉಳುಕೆಂದೋ ಆನೆಕಾಲೆಂದೋ ತಿಳಿದು ಎಣ್ಣೆ ಹಚ್ಚಿ ತಿಕ್ಕಬೇಡಿ. ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಪ್ಲರ್ ಸ್ಕ್ಯಾನ್ ಎಂಬ ಪರೀಕ್ಷೆ ಕಾಲಿನ ಗಡ್ಡೆಯನ್ನು ನೋವಿಲ್ಲದೆ ತೋರಿಸಿಕೊಡುತ್ತದೆ. ಉಸಿರು ಕಟ್ಟಿದರೆ, ಎದೆ ನೋವೆದ್ದರೆ 108ಕ್ಕೆ ಕರೆ ಮಾಡಿ.

ಸ್ಟೆಂಟ್ ಹಾಕಲು ದೊಡ್ಡ ಆಸ್ಪತ್ರೆಯ ತಜ್ಞರು ಬೇಕು. ಆದರೆ ಎರಡು ಕಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದು ಬಾತಿದೆಯೆಂದು ಗುರುತಿಸಲು ಮನೆಯಲ್ಲಿರುವ ಒಬ್ಬ ವಿದ್ಯಾರ್ಥಿ ಸಾಕು. ಆ ವಿದ್ಯಾರ್ಥಿ ನೀವಾಗಿರಿ.